ಎರಡು ಪುಸ್ತಕ, ಎರಡು ಕನ್ನಡ: ಹೋಲಿಸಿ ಬರೆದ ನನ್ನ ಅನುಭವ

ಎಂ.ಎ. ಎರಡನೇ ವರ್ಷದಲ್ಲಿ ಭಾಷೆ ಮತ್ತು ಗುರುತಿನ ಬಗ್ಗೆ ಒಂದು ಪ್ರಬಂಧ ಬರೆಯಬೇಕಿತ್ತು. ನಾನು ಆರಿಸಿಕೊಂಡಿದ್ದು ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಮತ್ತು ಸಿದ್ಧಲಿಂಗಯ್ಯನವರ ‘ಊರುಕೇರಿ’. ಒಂದು ಕಾದಂಬರಿ, ಇನ್ನೊಂದು ಆತ್ಮಕಥೆ. ಇಬ್ಬರೂ ದಲಿತರ ಬದುಕನ್ನು ಒಳಗಿಂದ ಬರೆದವರು. ಆದರೆ ಇಬ್ಬರ ಕನ್ನಡ ಎಷ್ಟೊಂದು ಬೇರೆ!

ಮೊದಲ ಕರಡಿನಲ್ಲಿ ಆ ಪುಸ್ತಕಕ್ಕೆ ಆರು ಪುಟ, ಈ ಪುಸ್ತಕಕ್ಕೆ ಆರು ಪುಟ, ಕೊನೆಗೆ ಒಂದು ಪುಟ ಹೋಲಿಕೆ. ಆಡುಮಾತಿನಲ್ಲಿ ಬರೆದ ಮಹಾದೇವ ತಮ್ಮ ಗುರುತು ಉಳಿಸಿಕೊಂಡರು, ಶಿಷ್ಟ ಕನ್ನಡದಲ್ಲಿ ಬರೆದ ಸಿದ್ಧಲಿಂಗಯ್ಯ ಸ್ವಲ್ಪ ಬಿಟ್ಟುಕೊಟ್ಟರು ಅಂತ ತೀರ್ಮಾನ ಬೇರೆ. ಮೇಷ್ಟ್ರು ಓದಿ ಕೇಳಿದ್ದು ಇಷ್ಟೇ: “ಏನು ಬಿಟ್ಟುಕೊಟ್ಟಿದ್ದಾರೆ? ಒಂದು ಸಾಲು ತೋರಿಸಮ್ಮ.” ತೋರಿಸೋಕೆ ನನ್ನ ಹತ್ತಿರ ಒಂದು ಸಾಲೂ ಇರಲಿಲ್ಲ.

ಮತ್ತೆ ಓದಲು ಕೂತೆ. ‘ಕುಸುಮಬಾಲೆ’ ಓದಲು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ವಿದ್ವಾಂಸ ಎಲ್. ಬಸವರಾಜು ಅವರು ಅದನ್ನು ಪದ್ಯದ ಸಾಲುಗಳ ಹಾಗೆ ಜೋಡಿಸಿಯೂ ಕೊಟ್ಟಿದ್ದಾರೆ. ಪುಸ್ತಕದ ಮಾತು ನಂಜನಗೂಡು ಕಡೆಯದು, ನಾನು ಶಿವಮೊಗ್ಗ ಕಡೆಯವಳು. ಹಾಸ್ಟೆಲಿನಲ್ಲಿದ್ದ ನಂಜನಗೂಡು ಕಡೆಯ ಗೆಳತಿಗೆ ಜೋರಾಗಿ ಓದು ಅಂದೆ. ಕಣ್ಣಿಗೆ ಗಂಟುಗಂಟಾಗಿ ಕಂಡ ವಾಕ್ಯ ಕಿವಿಗೆ ಬಿದ್ದಾಗ ಬಿಡಿಸಿಕೊಂಡಿತು. ಆ ಕಡೆ ಮಾತಲ್ಲಿ ‘ಹ’ ಉದುರುತ್ತದೆ, ಹಾಲು ‘ಆಲು’ ಆಗುತ್ತದೆ. ಪಾತ್ರಗಳು ಹಾಗೆ ಮಾತಾಡುವುದು ಬೇರೆ ಕಾದಂಬರಿಗಳಲ್ಲೂ ಇದೆ. ಇಲ್ಲಿ ಕತೆ ಹೇಳುವ ದನಿಯೇ ಆ ನೆಲದ್ದು. ಜೋತಮ್ಮಗಳು, ಅಂದರೆ ದೀಪದ ಜೀವಗಳು, ಸೇರಿ ಮಾತಾಡುತ್ತವೆ, ಮಂಚವೂ ಮಾತಾಡುತ್ತದೆ. ಅವುಗಳ ಮಾತಿಗೂ ಕತೆ ಹೇಳುವವರ ಮಾತಿಗೂ ನಡುವೆ ಗೋಡೆ ಇಲ್ಲ. ಹೊರಗಿನವರಿಗೆ ಅರ್ಥ ಬಿಡಿಸಿ ಹೇಳಲು ಅಲ್ಲಿ ಯಾರೂ ನಿಂತಿಲ್ಲ.

ಆಮೇಲೆ ‘ಊರುಕೇರಿ’ಯ ಶುರುವಿನ ನೋಟಕ್ಕೆ ಬಂದೆ. ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ. ಹಿಂದೆ ಇನ್ನೊಬ್ಬ ಉಳುತ್ತಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬರು, ನೋಡುತ್ತಿರುವ ಹುಡುಗನ ಅಪ್ಪ. ಇದನ್ನು ಶಾಲೆಯ ಪಾಠದಷ್ಟು ಸರಳ ಕನ್ನಡದಲ್ಲಿ ಹೇಳಿದ್ದಾರೆ. ಗೋಳಾಟ ಇಲ್ಲ. ಈ ಭಾಷೆ ನನಗೆ ಬರಲ್ಲ ಅಂತ ಓದುವವರು ತಪ್ಪಿಸಿಕೊಳ್ಳೋಕೆ ಆಗಲ್ಲ. ನನ್ನ ಹಳೇ ತೀರ್ಮಾನ ಇಲ್ಲೇ ಬಿದ್ದುಹೋಯಿತು. ಸಿದ್ಧಲಿಂಗಯ್ಯ ಊರಿನ ಎದುರು ನಿಂತು, ಊರಿಗೆ ಗೊತ್ತಿರುವ ಮಾತಲ್ಲೇ ಹೇಳುತ್ತಿದ್ದಾರೆ. ‘ಕುಸುಮಬಾಲೆ’ ಕೂತ ಜಾಗದಿಂದ ಏಳುವುದಿಲ್ಲ, ಕೇಳುವವರೇ ಅಲ್ಲಿಗೆ ಹೋಗಬೇಕು.

ಗೆಳತಿ ಎರಡನ್ನೂ ಓದಿ ಹೇಳಿದಳು: “ಮನೇಲಿ ನಾನು ಮೊದಲನೇದರ ಥರ ಮಾತಾಡ್ತೀನಿ, ಕ್ಲಾಸಲ್ಲಿ ಎರಡನೇದರ ಥರ. ಎರಡೂ ನಾನೇ ಕಣೆ.” ಅವಳನ್ನು ಕೇಳಿ, ಆ ಮಾತಿನಿಂದಲೇ ಪ್ರಬಂಧ ಶುರು ಮಾಡಿದೆ.

ಈ ಸಲ ಪುಸ್ತಕಕ್ಕೊಂದು ಭಾಗ ಅಂತ ಮಾಡಲಿಲ್ಲ. ಯಾರು ಹೇಳುತ್ತಿದ್ದಾರೆ, ಯಾರಿಗೆ ಹೇಳುತ್ತಿದ್ದಾರೆ, ಯಾರು ಯಾರನ್ನು ಹೇಗೆ ಕರೆಯುತ್ತಾರೆ ಅನ್ನುವ ಮೂರು ಪ್ರಶ್ನೆ ಇಟ್ಟುಕೊಂಡು, ಪ್ರತಿ ಪ್ಯಾರಾದಲ್ಲೂ ಎರಡೂ ಪುಸ್ತಕಗಳಿಂದ ಒಂದೊಂದು ತುಣುಕು ತಂದೆ. ಹದಿಮೂರು ಪುಟ ಒಂಬತ್ತಕ್ಕೆ ಇಳಿಯಿತು.

ಒಂದು ತೊಡಕು ಮಾತ್ರ ಉಳಿದಿತ್ತು. ಆತ್ಮಕಥೆಯ ‘ನಾನು’ ಬದುಕಿದ್ದ ಮನುಷ್ಯ. ಕಾದಂಬರಿಯ ದನಿ ಕಟ್ಟಿದ್ದು. ಎರಡನ್ನೂ ಸುಮ್ನೆ ಒಂದೇ ತಕ್ಕಡಿಯಲ್ಲಿ ಇಡೋದು ಸರಿ ಅಲ್ಲ ಅಲ್ವಾ? ಅದನ್ನು ಒಪ್ಪಿಕೊಂಡು ಒಂದು ಪ್ಯಾರಾ ಸೇರಿಸಿದೆ. ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದಿದ್ದು ಅದೇ, ಪೂರ್ತಿ ನಾಲ್ಕು ದಿನ.