ಮುರುಗಲಿನ ಹೆಣ್ಣು ಗಿಡ

ಶಿರಸಿ ಕಡೆಯ ಅಡಿಕೆ ತೋಟದಲ್ಲಿ ಬೆಳೆದವಳು ನಾನು. ಮದುವೆಯಾಗಿ ಗೋವಾದ ಮಡಗಾಂವ್‌ಗೆ ಬಂದ ಮೇಲೆ ಕಾಣಕೋಣದ ಕುಳಾಗರಗಳನ್ನು, ಎಂದರೆ ಅಲ್ಲಿಯ ಮಿಶ್ರ ತೋಟಗಳನ್ನು, ಕಂಡಾಗ ತವರಿಗೇ ಹೋದಂತಾಯಿತು. ತೆಂಗು, ಅಡಿಕೆ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನೆರಳಿನಲ್ಲಿ ಬಾಳೆ, ಜಾಯಿಕಾಯಿ, ಅನಾನಸ್. ಖೋತಿಗಾಂವ್ ಅಭಯಾರಣ್ಯದ ಅಂಚಿನಲ್ಲಿ ವೇಳಿಪ ಎಂಬ ಬುಡಕಟ್ಟು ಸಮುದಾಯದ ಹನ್ನೊಂದು ಹೆಂಗಸರ ಜೊತೆ ಕೆಲಸ ಶುರುಮಾಡಿದ್ದು ಇಂಥ ತೋಟಗಳಲ್ಲೇ.

ದುಡಿಮೆಯೆಲ್ಲ ಅವರದು, ದುಡ್ಡು ಮಾತ್ರ ಅವರ ಕೈಗೆ ಬರುತ್ತಿರಲಿಲ್ಲ. ಹುಳಿಗೆ ಬಳಸುವ ಮುರುಗಲು (ಕೋಕಂ) ಹಣ್ಣು ಕೊಯ್ದರೆ ಕೆಲವೇ ದಿನಗಳಲ್ಲಿ ಕೆಡುತ್ತದೆ. ಮೇ ತಿಂಗಳಲ್ಲಿ ಮೋಡ ಕಂಡರೆ ವ್ಯಾಪಾರಿ ಹೇಳಿದ್ದೇ ದರ. ಮುರುಗಲು ಗಿಡಗಳನ್ನು ತೋಟದಲ್ಲೇ ಹೆಚ್ಚಾಗಿ ನೆಟ್ಟು, ಹಣ್ಣಿನ ಸಿಪ್ಪೆ ಒಣಗಿಸಿ ಮಾರೋಣ ಎಂದೆವು.

ಇಲ್ಲಿ ನನ್ನಿಂದ ದೊಡ್ಡ ತಪ್ಪಾಯಿತು. ಮುರುಗಲಿನಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಹೂ ಬಿಡುವ ತನಕ ಯಾವುದು ಯಾವುದೆಂದು ತಿಳಿಯುವುದಿಲ್ಲ. ಬೀಜದ ಸಸಿ ಬೇಡವೆಂದು ಒಬ್ಬ ಮಾವಶಿ (ಹಿರಿಯ ಹೆಂಗಸನ್ನು ಇಲ್ಲಿ ಹಾಗೆ ಕರೆಯುತ್ತಾರೆ) ಹೇಳಿದ್ದರು. ಕಸಿ ಗಿಡಕ್ಕೆ ಕಾಯುವ ತಾಳ್ಮೆಯಿಲ್ಲದೆ ಬೀಜದವನ್ನೇ ನೆಡಿಸಿದೆ. ಏಳನೆಯ ವರ್ಷ ಹೂ ಬಂದಾಗ ಅರ್ಧಕ್ಕರ್ಧ ಗಂಡು! ಅಷ್ಟೂ ವರ್ಷ ಬೇಸಿಗೆಯಲ್ಲಿ ಕೊಡ ಹೊತ್ತು ನೀರುಣಿಸಿದವರ ಮುಖ ನೋಡಲು ನನಗೆ ಆಗಲಿಲ್ಲ.

ಪರಾಗಕ್ಕೆಂದು ಕೆಲವು ಗಂಡು ಗಿಡ ಉಳಿಸಿಕೊಂಡು, ಮಿಕ್ಕ ಕಡೆ ಕಸಿ ನೆಟ್ಟೆವು. ಸಸಿಯ ತುದಿ ಕತ್ತರಿಸಿ, ಸೀಳಿ, ಒಳ್ಳೆಯ ಹೆಣ್ಣು ಮರದ ಕಡ್ಡಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತುವುದು. ನೆಟ್ಟಗೆ ಮೇಲೇಳುವ ಚಿಗುರಿನ ಕಡ್ಡಿಯೇ ಆಗಬೇಕು. ಅಡ್ಡ ಕೊಂಬೆಯದಾದರೆ ಗಿಡ ಎತ್ತರಕ್ಕೆ ಹೋಗದೆ ನೆಲಕ್ಕೆ ಹರಡುತ್ತದೆ.

ಈಗ ಏಪ್ರಿಲ್ ಬಂದರೆ ಅಂಗಳದ ತುಂಬ ಕೆಂಪು. ಸಿಪ್ಪೆಯನ್ನು ಅದರದೇ ರಸದಲ್ಲಿ ಉಪ್ಪು ಹಾಕಿ ಅದ್ದಿ, ಒಣಗಿಸಿ, ಮತ್ತೆ ಅದ್ದಿ, ಹೀಗೆ ಕಪ್ಪಗಾಗುವ ತನಕ ಹಲವು ಬಾರಿ. ಹೆಂಗಸರ ಅಂಗೈ ವಾರಗಟ್ಟಲೆ ನೇರಳೆಯಾಗಿಯೇ ಇರುತ್ತದೆ. ಬೀಜವನ್ನೂ ಎಸೆಯುವುದಿಲ್ಲ, ಒಡೆದ ಹಿಮ್ಮಡಿಗೆ ಹಚ್ಚುವ ತುಪ್ಪ ಅದರಿಂದಲೇ. ಮಡಗಾಂವ್‌ನ ನಮ್ಮ ಕನ್ನಡದ ಮನೆಗಳವರು ಸಾರಿಗೆ, ಪಾನಕಕ್ಕೆ ವರ್ಷದ್ದನ್ನು ಒಟ್ಟಿಗೇ ಕೊಳ್ಳುತ್ತಾರೆ. ಹಣ ನೇರ ಆಯಾ ಹೆಂಗಸಿನ ಬ್ಯಾಂಕ್ ಖಾತೆಗೆ. ಇದರಲ್ಲಿ ಮಾತ್ರ ನಾನು ಯಾರ ಮಾತಿಗೂ ಜಗ್ಗಲಿಲ್ಲ.

ಕಾಡಂಚಿನಲ್ಲಿ ಸಾಗುವಳಿ ಮಾಡುವವರಿಗೆ ಆ ಜಮೀನಿನ ಹಕ್ಕು ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆಯಂತೆ ದಂಪತಿಯ ಹಕ್ಕುಪತ್ರ ಇಬ್ಬರ ಹೆಸರಿನಲ್ಲೂ ಇರಬೇಕು. ಅರ್ಜಿ ಬರೆಯುವಾಗ ಆ ಸಾಲನ್ನು ಕೊಂಕಣಿಯಲ್ಲಿ ಓದಿ ಹೇಳಿದೆ. ಆ ಮಾವಶಿ ಮತ್ತೊಮ್ಮೆ ಓದಿಸಿದರು, ಸೊಸೆಯನ್ನು ಕರೆದು ಮೂರನೆಯ ಬಾರಿ ಓದಿಸಿದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಹೆಬ್ಬೆರಳು ಒತ್ತಿದರು.