ಕತ್ತಿನ ಮೂಳೆ ಮುರಿದು ಬಂದವರ ಜೊತೆ: ನನ್ನ ಅನುಭವ

ನಾನು ಮಲೆನಾಡಿನ ಕಡೆ ಬೆನ್ನುಮೂಳೆಯ ಆಪರೇಷನ್ ಮಾಡುವ ವೈದ್ಯ. ಕತ್ತಿಗೆ ಪೆಟ್ಟಾಗಿ ಬಂದವರನ್ನು ಮೊದಲು ಕೇಳುವುದು ಒಂದೇ ಮಾತು: ಹೇಗೆ ಬಿದ್ರಿ? ಎಲ್ಲಿ ಮುರಿದಿರಬಹುದು ಅನ್ನುವುದರ ಸುಳಿವು ಬಹಳ ಸಲ ಆ ಉತ್ತರದಲ್ಲೇ ಇರುತ್ತದೆ.

ಅಡಿಕೆ ಮರದಿಂದ ಬಿದ್ದವರು, ಬೈಕಿನಿಂದ ಎಸೆಯಲ್ಪಟ್ಟ ಹುಡುಗರು, ನೀರು ಕಮ್ಮಿ ಇರುವ ಹೊಳೆಗೆ ತಲೆ ಕೆಳಗಾಗಿ ಧುಮುಕಿದವರು. ಇವರಲ್ಲಿ ಪೆಟ್ಟು ಜಾಸ್ತಿ ಬೀಳುವುದು ಕತ್ತಿನ ಕೆಳಭಾಗಕ್ಕೆ. ಅಂದರೆ ಏಳು ಮೂಳೆಗಳಲ್ಲಿ 5, 6, 7ನೆಯವಕ್ಕೆ. ವಯಸ್ಸಾದವರದ್ದು ಬೇರೆ ಕಥೆ. "ಅಮ್ಮ ಬಚ್ಚಲಲ್ಲಿ ಸುಮ್ನೆ ಜಾರಿದ್ದು ಅಷ್ಟೇ ಡಾಕ್ಟ್ರೇ" ಅನ್ನುತ್ತಾರೆ ಮಕ್ಕಳು. ಹಣೆ ಮೇಲೆ ತರಚಿದ ಗಾಯ, ಜೊತೆಗೆ ಕತ್ತು ನೋವು. ಎರಡೂ ಇದ್ದರೆ ನಾನು ಸ್ಕ್ಯಾನ್ ಮಾಡಿಸದೆ ಮನೆಗೆ ಕಳಿಸುವುದಿಲ್ಲ. ಎರಡನೇ ಮೂಳೆಯಿಂದ ಮೇಲಕ್ಕೆ ಎದ್ದಿರುವ ಮೊನೆ ಬುಡದಲ್ಲೇ ಮುರಿಯುವುದು ಈ ವಯಸ್ಸಿನಲ್ಲಿ ತುಂಬಾ ಸಾಮಾನ್ಯ.

ಬರೀ ಎಕ್ಸ್‌ರೇ ಸಾಲದು. ಭುಜದ ನೆರಳು ಏಳನೇ ಮೂಳೆಯನ್ನು ಮುಚ್ಚಿಬಿಡುತ್ತದೆ. ಅದಕ್ಕೇ ಸಿಟಿ ಸ್ಕ್ಯಾನ್, ತಲೆಬುರುಡೆಯ ಬುಡದಿಂದ ಎದೆಭಾಗದ ಬೆನ್ನುಮೂಳೆಯ ಮೊದಲ ಮೂಳೆಯವರೆಗೆ. ಒಂದು ಮುರಿತ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸುವುದಿಲ್ಲ. ಬೆನ್ನಿನಲ್ಲಿ ಇನ್ನೊಂದು ಕಡೆಯೂ ಮುರಿದಿರುವುದುಂಟು. ಬಿಪಿ ಇಳಿದಿದ್ದರೆ ನಾಡಿ ನೋಡುತ್ತೇನೆ. ರಕ್ತ ಹೋಗಿದ್ದರೆ ನಾಡಿ ಸಾಮಾನ್ಯವಾಗಿ ಓಡುತ್ತದೆ, ಬೆನ್ನುಹುರಿಗೆ ಪೆಟ್ಟಾಗಿದ್ದರೆ ನಿಧಾನವಾಗುತ್ತದೆ. ಹುರಿಗೆ ರಕ್ತ ಚೆನ್ನಾಗಿ ಹರಿಯಲಿ ಅಂತ ಮೊದಲ ಕೆಲವು ದಿನ ರಕ್ತದ ಸರಾಸರಿ ಒತ್ತಡವನ್ನು (ಬಿಪಿಯ ಮೇಲಿನ, ಕೆಳಗಿನ ಅಂಕಿಗಳ ನಡುವೆ ಬರುವ ಲೆಕ್ಕ) 85ರಿಂದ 90ರ ನಡುವೆ ಇಡಲು ನೋಡುತ್ತೇವೆ.

ನನಗೆ ಅತಿ ಗಮನ ಬೇಡುವ ಕೆಲಸ ಜಾರಿಹೋದ ಮೂಳೆಯನ್ನು ಸ್ಥಾನಕ್ಕೆ ತರುವುದು. ಒಂದು ಮೂಳೆಯ ಕೀಲು ಮುಂದಕ್ಕೆ ಜಾರಿ ಕೆಳಗಿನದರ ಮುಂದೆ ಸಿಕ್ಕಿಕೊಂಡಿರುತ್ತದೆ. ಎರಡೂ ಕಿವಿಗಳ ಸ್ವಲ್ಪ ಮೇಲೆ ತಲೆಬುರುಡೆಗೆ ಇಕ್ಕಳ ಕೂರಿಸಿ, ರಾಟೆಯ ಮೂಲಕ ತೂಕ ಕಟ್ಟುತ್ತೇನೆ. ಕೆಲವೇ ಕಿಲೋದಿಂದ ಶುರು, ಆಮೇಲೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುವುದು. ಪ್ರತಿ ಸಲವೂ ಎಕ್ಸ್‌ರೇ, ಪ್ರತಿ ಸಲವೂ ಅದೇ ಪ್ರಶ್ನೆ: "ಬೆರಳು ಆಡಿಸಿ ನೋಡೋಣ, ಜೋಮು ಜಾಸ್ತಿ ಆಯ್ತಾ?" ಇದನ್ನು ಎಚ್ಚರವಾಗಿ ಇರುವವರಿಗೆ ಮಾತ್ರ ಮಾಡುತ್ತೇನೆ. ಜಾರಿದ ಡಿಸ್ಕ್ (ಎರಡು ಮೂಳೆಗಳ ನಡುವಿನ ಮೆತ್ತೆ) ಹುರಿಯನ್ನು ಒತ್ತಿದರೆ ಮೊದಲು ಹೇಳುವವರು ಅವರೇ ಅಲ್ವಾ? ಅವರು ಹೇಳಿದ ಕ್ಷಣ ತೂಕ ಇಳಿಸುತ್ತೇನೆ. ಮೂಳೆ ಜಾಗಕ್ಕೆ ಬಂದ ಮೇಲೆ ಎಂಆರ್‌ಐ. ಆಮೇಲೆ ಕತ್ತಿನ ಮುಂದಿನಿಂದ ಹೋಗಿ, ಹಾಳಾದ ಡಿಸ್ಕ್ ತೆಗೆದು, ಸೊಂಟದ ಮೂಳೆಯ ತುಂಡು ಇಟ್ಟು, ಪ್ಲೇಟ್ ಹಾಕುತ್ತೇನೆ. ಹುರಿ ಒತ್ತಿಕೊಂಡಿದ್ದರೆ 24 ಗಂಟೆಯೊಳಗೆ ಬಿಡಿಸುವುದು ಒಳ್ಳೆಯದು. ಆದರೆ ದೂರದ ಹಳ್ಳಿಯಿಂದ, ಒಂದೆರಡು ಆಸ್ಪತ್ರೆ ಸುತ್ತಿ ಬರುವವರಿಗೆ ಆ ಹೊತ್ತು ದಾರಿಯಲ್ಲೇ ಕಳೆದಿರುತ್ತದೆ. ಇದು ನನ್ನನ್ನು ಬಹಳ ಕಾಡುವ ವಿಷಯ.

ಅಜ್ಜ ಅಜ್ಜಿಯರಲ್ಲಿ ನಿರ್ಧಾರ ಕಷ್ಟ. ಆ ಎರಡನೇ ಮೂಳೆಯ ಮೊನೆಯ ಬುಡಕ್ಕೆ ರಕ್ತ ಪೂರೈಕೆ ಕಮ್ಮಿ, ಹಾಗಾಗಿ ಕಾಲರ್ (ಕತ್ತಿನ ಪಟ್ಟಿ) ಹಾಕಿದರೂ ಮುರಿತ ಕೂಡದೆ ಉಳಿಯಬಹುದು. ಹಿಂದಿನಿಂದ ಮೊದಲೆರಡು ಮೂಳೆಗಳನ್ನು ಸ್ಕ್ರೂ ಹಾಕಿ ಬಿಗಿದರೆ ಗಟ್ಟಿ. ಆದರೆ ತಲೆ ಪಕ್ಕಕ್ಕೆ ತಿರುಗುವುದರಲ್ಲಿ ಸುಮಾರು ಅರ್ಧ ನಡೆಯುವುದು ಅಲ್ಲೇ, ಅದು ಹೋಗುತ್ತದೆ. ಆಪರೇಷನ್‌ಗೆ ಮುಂಚೆಯೇ ಇದನ್ನು ಬಿಡಿಸಿ ಹೇಳುತ್ತೇನೆ. ಹೃದಯ, ಶ್ವಾಸಕೋಶ ದುರ್ಬಲ ಇದ್ದವರಿಗೆ ಕಾಲರ್ ಸಾಕು, ನಾರಿನಂತೆ ಕೂಡಿಕೊಂಡರೂ ನೋವಿಲ್ಲದೆ ಓಡಾಡುತ್ತಾರೆ. ತಲೆಬುರುಡೆಗೆ ಸ್ಕ್ರೂ ಹಾಕಿ ಎದೆಯ ಜಾಕೆಟ್‌ಗೆ ಕಟ್ಟುವ ಹೇಲೋ ಚೌಕಟ್ಟನ್ನು ಈ ವಯಸ್ಸಿನವರಿಗೆ ನಾನು ಹಾಕುವುದಿಲ್ಲ. ನುಂಗುವುದು ಕಷ್ಟವಾಗಿ ನ್ಯುಮೋನಿಯಾ ಬರುವ ಭಯ.

ಕೈಕಾಲು ಆಡದವರ ಮನೆಯವರಿಗೆ ನಾನು ಒಂದನ್ನು ಮುಚ್ಚಿಡುವುದಿಲ್ಲ. ಆಪರೇಷನ್ ಮೂಳೆಯನ್ನು ನಿಲ್ಲಿಸುತ್ತದೆ, ಶಕ್ತಿ ಮರಳುತ್ತದೆ ಅಂತ ಮಾತು ಕೊಡಲಾಗದು. ಗುದದ್ವಾರದ ಸುತ್ತ ಸ್ಪರ್ಶ ತಿಳಿಯುತ್ತಿದ್ದರೆ ಚೇತರಿಕೆಯ ಆಸೆ ಜಾಸ್ತಿ. ಆ ಪರೀಕ್ಷೆಯನ್ನು ನಾನೇ ಮಾಡಿ, ಕಂಡದ್ದನ್ನು ಅವತ್ತೇ ಹೇಳುತ್ತೇನೆ. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದನ್ನು ಅದೇ ದಿನ ಅವರ ಕೈಯಿಂದ ಮಾಡಿಸಿ ಕಲಿಸುತ್ತೇನೆ.