ತುರ್ತು ಸರಕಿಗೆ ವ್ಯಾನ್: ನಾನು ಆರಿಸಿದ್ದು, ಲೆಕ್ಕ ಹಾಕಿದ್ದು

ಹಳೆಯ, ಫ್ರಂಟ್ ವೀಲ್ ಡ್ರೈವ್ ಇರುವ, ಅತಿ ಉದ್ದವೂ ಅಲ್ಲದ ವ್ಯಾನ್ ತಂದು ನಿಲ್ಲಿಸಿದಾಗ, ಕಾರ್ಖಾನೆಗಳಿಗೆ ತುರ್ತಾಗಿ ಬೇಕಾದ ಸರಕು ಮುಟ್ಟಿಸುವ ಈ ಲೈನಿನಲ್ಲಿ ಹಳಬರಾದವರು ನಕ್ಕಿದ್ದರು. "ತುರ್ತು ಸರಕಿಗೆ ಇದಾ? ಆರು ತಿಂಗಳಲ್ಲಿ ಮಾರ್ತೀರಿ ನೋಡಿ" ಅಂದರು. ಸಾಲ ತೀರಿದೆ, ವ್ಯಾನ್ ಇನ್ನೂ ದುಡಿಯುತ್ತಿದೆ. ಅಂದು ನಕ್ಕವರಲ್ಲಿ ಕೆಲವರು ಈಗ ಅದೇ ಅಳತೆಯದು ಎಲ್ಲಾದರೂ ಇದ್ದರೆ ಹೇಳಿ ಅನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮಾರುವವರು ಮೊದಲು ಹೇಳುವುದು ಒಳಗೆ ಎಷ್ಟು ಘನ ಮೀಟರ್ ಅಂತ. ನಮಗೆ ಅದರಿಂದ ಏನೂ ಆಗಬೇಕಿಲ್ಲ. ರಾತ್ರಿ ಎರಡು ಗಂಟೆಗೆ ಡಿಸ್ಪ್ಯಾಚರ್, ಅಂದರೆ ಸರಕನ್ನು ವ್ಯಾನ್‌ಗಳಿಗೆ ಹಂಚುವವರು, ಫೋನ್ ಮಾಡಿದರೆ ಕೇಳುವುದು ಎರಡೇ: ಎಷ್ಟು ಪ್ಯಾಲೆಟ್ (ಸರಕು ಪೇರಿಸುವ ಹಲಗೆಯ ಅಡಿಗಟ್ಟು), ಎಷ್ಟು ಕೆಜಿ. ಅಮೆರಿಕದ ಪ್ಯಾಲೆಟ್ 48 ಇಂಚು ಉದ್ದ, 40 ಇಂಚು ಅಗಲ. ಯುರೋಪಿನದು 1200ಕ್ಕೆ 800 ಮಿ.ಮೀ. ಎರಡರಲ್ಲಿ ಯಾವುದೇ ಅಡ್ಡಡ್ಡ ಕೂರಬೇಕಾದರೆ, ವ್ಯಾನಿನ ಒಳಗೆ ಚಕ್ರದ ಮೇಲೆ ಎದ್ದಿರುವ ಉಬ್ಬುಗಳ ನಡುವೆ ಹತ್ತಿರಹತ್ತಿರ 1250 ಮಿ.ಮೀ. ಬೇಕು. ಫಿಯಟ್ ಡುಕಾಟೊ, ರ‍್ಯಾಮ್ ಪ್ರೊಮಾಸ್ಟರ್ ಜಾತಿಯ ವ್ಯಾನ್‌ಗಳಲ್ಲಿ 1420ರ ಆಸುಪಾಸು ಇದೆ, ಫೋರ್ಡ್ ಟ್ರಾನ್ಸಿಟ್‌ನಲ್ಲಿ 1390, ಮರ್ಸಿಡಿಸ್ ಸ್ಪ್ರಿಂಟರ್‌ನಲ್ಲಿ 1350. ಹಿಂದೆ ಜೋಡಿ ಟೈರ್ ಇರುವುದನ್ನು ಕೊಂಡರೆ ಕೆಲವದರಲ್ಲಿ ಈ ಜಾಗ ಒಂದು ಮೀಟರಿಗೆ ಇಳಿಯುತ್ತದೆ. "ಜೋಡಿ ಟೈರ್ ಅಂದ್ರೆ ಭಾರ ಜಾಸ್ತಿ ಎಳೀಬಹುದು" ಅಂತ ಅದನ್ನೇ ತಂದವರೊಬ್ಬರು ಪ್ಯಾಲೆಟ್‌ಗಳನ್ನು ಉದ್ದುದ್ದ ಇಟ್ಟು, ಮೂರನೆಯದಕ್ಕೆ ಜಾಗ ಸಾಲದೆ ವಾಪಸ್ ಬಂದದ್ದನ್ನು ನೋಡಿದ್ದೇನೆ.

ನಾನು ವ್ಯಾನ್ ನೋಡಲು ಹೋದಾಗಲೆಲ್ಲ ಪ್ಯಾಲೆಟ್ ಅಳತೆಗೆ ಕತ್ತರಿಸಿದ ರಟ್ಟು ಒಯ್ಯುತ್ತಿದ್ದೆ. ನೆಲದ ಮೇಲೆ ಹಾಸಿ, ಹಿಂದಿನ ಬಾಗಿಲು ಮುಚ್ಚಿ, ಪಕ್ಕದ ಬಾಗಿಲಿಂದಲೂ ತೂರಿಸಿ ನೋಡುವುದು. ಮಾರುವವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಅಮೆರಿಕದ ಅಳತೆಯ ಮೂರು ಪ್ಯಾಲೆಟ್ ಅಡ್ಡ ಇಟ್ಟರೆ ಮೂರು ಮೀಟರ್ ಚಿಲ್ಲರೆ ಹೋಗುತ್ತದೆ. ಅದಾದ ಮೇಲೆ ಮಲಗಲು ಎರಡಡಿ ಉಳಿದರೆ ಸಾಕು. ಅದಕ್ಕಿಂತ ಉದ್ದ ಕೊಂಡರೆ ಹೊರುವುದು ಬರೀ ತಗಡು.

ತಗಡು ಅಂದೆ, ಭಾರದ ಲೆಕ್ಕವೇ ನಿಜವಾದ ಲೆಕ್ಕ. ನನ್ನ ವ್ಯಾನಿನ ಕಾಗದದಲ್ಲಿ 1,200 ಕೆಜಿ ಹೊರುತ್ತದೆ ಅಂತಿತ್ತು. ಪ್ಲೈವುಡ್ ಹೊದಿಕೆ, ನಡುಗೋಡೆ, ಮಂಚ, ತುಂಬಿದ ಟ್ಯಾಂಕ್, ಹಗ್ಗ-ಬೆಲ್ಟು, ಪ್ಯಾಲೆಟ್ ಎತ್ತಿ ತಳ್ಳುವ 75 ಕೆಜಿಯ ಕೈಗಾಡಿ ಜಾಕ್, ಜೊತೆಗೆ ನನ್ನ ದೇಹ ಸೇರಿಸಿ ವೇಬ್ರಿಜ್ ಮೇಲೆ ನಿಲ್ಲಿಸಿದಾಗ ಉಳಿದದ್ದು 900ರ ಹತ್ತಿರ. ಅಂದರೆ ಪ್ಯಾಲೆಟ್‌ಗೆ ಮುನ್ನೂರು. ಇದನ್ನು ಕಂಪನಿಗಳಿಗೆ ಮೊದಲೇ ಹೇಳಿಬಿಟ್ಟೆ. ಕೆಲವರು ಕರೆಯುವುದನ್ನೇ ಬಿಟ್ಟರು. ಉಳಿದವರು ಹಗುರ ಸರಕು ಬಂದಾಗ ನನ್ನನ್ನೇ ಮೊದಲು ಕರೆಯಲು ಶುರು ಮಾಡಿದರು, ಯಾಕೆಂದರೆ ನಾನು ಲೋಡಿಂಗ್ ಜಾಗಕ್ಕೆ ಹೋಗಿ ಆಗಲ್ಲ ಅಂದದ್ದಿಲ್ಲ. ಒಂದು ಗೇರು ಬಾಕ್ಸು, ನಾಲ್ಕು ಪೆಟ್ಟಿಗೆ ಸೆನ್ಸರು, ನಿಂತುಹೋದ ಯಂತ್ರದ ಮೋಟಾರು: ತುರ್ತು ಅನ್ನುವುದರಲ್ಲಿ ಬಹುಪಾಲು ಇಂಥದ್ದೇ.

ಗಾಡಿ, ಸರಕು ಸೇರಿದ ಒಟ್ಟು ತೂಕಕ್ಕೆ ಕಾನೂನಿನ ಗೆರೆ ಎಲ್ಲಿದೆ ನೋಡಿಕೊಳ್ಳಿ. ಯುರೋಪಿನಲ್ಲಿ ಸಾಮಾನ್ಯ ಕಾರಿನ ಲೈಸೆನ್ಸಿಗೆ 3,500 ಕೆಜಿ. ಅಲ್ಲಿ ಬಾಡಿಗೆಗೆ ಗಡಿ ದಾಟುವ 2.5 ಟನ್ ಮೀರಿದ ವ್ಯಾನ್‌ಗಳಿಗೆ 2026ರ ಜುಲೈ 1ರಿಂದ ಟ್ಯಾಕೋಗ್ರಾಫ್, ಅಂದರೆ ಓಡಿಸಿದ ಹೊತ್ತು ದಾಖಲಿಸುವ ಯಂತ್ರ, ಕಡ್ಡಾಯ. ಅಮೆರಿಕದಲ್ಲಿ 10,001 ಪೌಂಡ್ ಮುಟ್ಟಿದರೆ ಕೇಂದ್ರದ ಡ್ರೈವಿಂಗ್ ಅವಧಿಯ ನಿಯಮಗಳು ಮೈಮೇಲೆ ಬರುತ್ತವೆ.

ಇದಕ್ಕೂ ಮುಂಚೆ ನನ್ನ ಹತ್ತಿರ ಎಲ್ಲರೂ ಮೆಚ್ಚಿದ ಉದ್ದದ ಡೀಸೆಲ್ ಇತ್ತು. ಕಿಲೋಮೀಟರಿಗೆ ಎಣ್ಣೆ ಕಡಿಮೆ ಕುಡಿಯುತ್ತಿತ್ತು, ನಿಜ. ಆದರೆ ನಮ್ಮ ಕೆಲಸದಲ್ಲಿ ಅರ್ಧ ಹೊತ್ತು ಕಾಯುವುದು. ಚಳಿಯ ರಾತ್ರಿ ಎಂಜಿನ್ ಆನ್ ಇಟ್ಟೇ ಮಲಗಿದರೆ ಹೊಗೆ ಸೋಸುವ ಫಿಲ್ಟರ್ ಮಸಿ ಕಟ್ಟುತ್ತದೆ, ಬಿಸಿಯಾಗಿ ಸುಟ್ಟುಕೊಳ್ಳಲು ಅವಕಾಶವೇ ಸಿಗುವುದಿಲ್ಲ. ಆಮೇಲೆ ದೀಪ ಹತ್ತಿ, ಗಾಡಿ ತೆವಳುತ್ತದೆ. ಸರಕು ಒಳಗಿರುವಾಗಲೇ ಹಾಗಾಗಿ, ಇನ್ನೊಂದು ವ್ಯಾನ್ ಕರೆಸಿ ಅದರ ಬಾಡಿಗೆಯನ್ನೂ ನಾನೇ ಕೊಟ್ಟೆ. ಆ ವರ್ಷ ಎಣ್ಣೆಯಲ್ಲಿ ಉಳಿಸಿದ್ದರ ಎರಡು ಪಟ್ಟು ವರ್ಕ್‌ಶಾಪಿಗೆ ಹೋಗಿರಬೇಕು. ಈಗಿನದು ಪೆಟ್ರೋಲ್. ರಾತ್ರಿಗೆ ಬೇರೆಯೇ ಪುಟ್ಟ ಹೀಟರ್ ಹಾಕಿಸಿದ್ದೇನೆ, ಗಂಟೆಗೆ ಕಾಲು ಲೀಟರ್ ಕೂಡ ಕುಡಿಯಲ್ಲ.

ಹಳೆಯದನ್ನು ಕೊಳ್ಳುವಾಗ ಓಡಿದ ಕಿಲೋಮೀಟರ್ ಮಾತ್ರ ನೋಡಬೇಡಿ, ಎಂಜಿನ್ ಓಡಿದ ಗಂಟೆಯನ್ನೂ ತೆಗೆಸಿ. ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿ. ಐವತ್ತರ ಮೇಲೆ ಬಂದರೆ ಅದು ಹೆದ್ದಾರಿಯ ಗಾಡಿ, ಲಕ್ಷಗಟ್ಟಲೆ ಓಡಿದ್ದರೂ ನಾನು ಹೆದರಲ್ಲ. ಇಪ್ಪತ್ತೈದಕ್ಕಿಂತ ಕೆಳಗೆ ಬಂದರೆ ಮೀಟರ್ ಎಷ್ಟೇ ಕಡಿಮೆ ತೋರಿಸಲಿ, ಮುಟ್ಟಲ್ಲ. ಸರ್ವಿಸ್ ಪುಸ್ತಕದಲ್ಲಿ ಇನ್ನೊಂದು ಜಾಗ ನೋಡುತ್ತೇನೆ. ಎಲ್ಲಿ ಅಂತ ಹೇಳಿದರೆ ಒಳ್ಳೆ ವ್ಯಾನೆಲ್ಲ ನಿಮ್ಮ ಪಾಲಾಗುತ್ತವೆ.

ಫ್ರಂಟ್ ವೀಲ್ ಡ್ರೈವ್‌ನ ನಿಜವಾದ ಲಾಭ ನೆಲದ ಎತ್ತರ, ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು. ಎಂಜಿನ್ ಹಿಂದಿನ ಚಕ್ರ ತಿರುಗಿಸುವ ವ್ಯಾನ್‌ಗಳಲ್ಲಿ ನೆಲ ಗೇಣಿನಷ್ಟು ಮೇಲಿರುತ್ತದೆ. ಕೈಯಿಂದ ಏರಿಸುವಾಗ ಬೆನ್ನಿಗೆ ಗೊತ್ತಾಗುತ್ತದೆ. ಆದರೆ ಲಾರಿಗೆಂದು ಕಟ್ಟಿದ 1.2 ಮೀಟರ್ ಎತ್ತರದ ಡಾಕ್‌ಗೆ, ಅಂದರೆ ಸರಕು ಏರಿಸುವ ಕಟ್ಟೆಗೆ, ಹೋದರೆ ಕಷ್ಟ, ಫೋರ್ಕ್‌ಲಿಫ್ಟ್‌ನವರನ್ನು ಕೆಳಗೆ ಕರೆಯಬೇಕು. ಒದ್ದೆ ಏರಿನಲ್ಲಿ ಭಾರವೆಲ್ಲ ಹಿಂದಿದ್ದರೆ ಮುಂದಿನ ಚಕ್ರ ಸುಮ್ಮನೆ ತಿರುಗುತ್ತದೆ. ಒಂದೇ ಪ್ಯಾಲೆಟ್ ಇದ್ದರೆ ಅದನ್ನು ನಡುಗೋಡೆಗೆ ಒತ್ತಿ ಕಟ್ಟುತ್ತೇನೆ.

ಒಳಗೆ ತಳ್ಳುವುದು ಸುಲಭವಾಗಲಿ ಅಂತ ನೆಲಕ್ಕೆ ರೋಲರ್ ಪಟ್ಟಿ ಹಾಕಿದ್ದೆ. ತಳ್ಳಲು ಎಷ್ಟು ಸಲೀಸೋ, ಬ್ರೇಕ್ ಒತ್ತಿದಾಗ ಜಾರಲೂ ಅಷ್ಟೇ ಸಲೀಸು. ಕಿತ್ತು ಹಾಕಿ ಒರಟು ರಬ್ಬರ್ ಹಾಸಿದೆ. ಮಾಡಿನ ಮೇಲೆ ಗಾಳಿ ಸೀಳುವ ತಗಡು ಕೂರಿಸಿ ಮೈಲೇಜ್ ನೋಡಿದ್ದೂ ಆಯಿತು; ಶಬ್ದ ಹೆಚ್ಚಾಯಿತು, ಪೆಟ್ರೋಲ್ ಉಳಿಯಲಿಲ್ಲ. ಸೀಟಿನ ಹಿಂದೆ ದಪ್ಪ ಪರದೆ ಕಟ್ಟಿದ್ದು ಮಾತ್ರ ದುಡ್ಡಿಗೆ ಮೋಸವಿಲ್ಲ.

ದುಡ್ಡಿನ ವಿಷಯ. ಕೈಯಲ್ಲಿದ್ದ ಹಣದಲ್ಲಿ ಮೂರನೇ ಎರಡು ಭಾಗ ಮಾತ್ರ ವ್ಯಾನ್‌ಗೆ ಹಾಕಿದೆ. ಉಳಿದದ್ದು ಟೈರು, ವಿಮೆ, ಒಂದು ದೊಡ್ಡ ರಿಪೇರಿ, ಮತ್ತೆ ಬಿಲ್ಲಿನ ದುಡ್ಡು ಬರುವ ತನಕದ ಹೊಟ್ಟೆಪಾಡು. ಕೆಲವರು ತಿಂಗಳಿಗೆ ಕೊಡುತ್ತಾರೆ, ಎರಡು ತಿಂಗಳು ಮಾಡುವವರೂ ಇದ್ದಾರೆ. ಪೆಟ್ರೋಲ್ ಬಂಕ್ ಕಾಯುವುದಿಲ್ಲ. ಓಡಿದ್ದರಲ್ಲಿ ಮೂರನೇ ಒಂದು ಭಾಗ ಖಾಲಿ ಓಟವೇ. ಹಾಗಾಗಿ ರೇಟ್ ಹೇಳುವಾಗ ಖಾಲಿಯನ್ನೂ ಸೇರಿಸಿಯೇ ಕಿಲೋಮೀಟರ್ ಲೆಕ್ಕ. ಬಾಡಿಗೆಯಲ್ಲಿ ಸುಮಾರು ಕಾಲು ಭಾಗ ಎಣ್ಣೆಗೆ, ಹತ್ತನೇ ಒಂದು ಭಾಗ ರಿಪೇರಿ ಡಬ್ಬಕ್ಕೆ. ಕಾರ್ಖಾನೆಗಳು ರಜೆಯಲ್ಲಿರುವ ವಾರಗಳಲ್ಲಿ ಫೋನೇ ಬರುವುದಿಲ್ಲ. ಹೊಸ ವ್ಯಾನಿನ ದೊಡ್ಡ ಕಂತು ಹೊತ್ತವರು ಆಗ ಸಿಕ್ಕಿದ ರೇಟಿಗೆ ಓಡುತ್ತಾರೆ, ನಾನು ಮಲಗುತ್ತೇನೆ. ರೇಟ್ ಏರಿಸಲು ಡಿಸ್ಪ್ಯಾಚರ್‌ಗೆ ನಾನು ಕೇಳುವ ಒಂದು ಪ್ರಶ್ನೆ ಇದೆ, ಅದು ನನ್ನ ಹತ್ತಿರವೇ ಇರಲಿ.

ಎಲೆಕ್ಟ್ರಿಕ್ ವ್ಯಾನ್‌ಗೂ ರಟ್ಟು ಹಾಸಿ ನೋಡಿದೆ. ಪ್ಯಾಲೆಟ್ ಕೂರುತ್ತದೆ. ಬ್ಯಾಟರಿ ಭಾರಕ್ಕೆ ಹೊರುವ ಶಕ್ತಿ ಕುಗ್ಗುತ್ತದೆ ಅಂತ ಕೆಲವು ದೇಶಗಳು ಕಾರಿನ ಲೈಸೆನ್ಸಿಗೇ 4,250 ಕೆಜಿ ತನಕ ಬಿಟ್ಟಿವೆ. ಆದರೆ ಎಲ್ಲಿಗೆ ಹೋಗಬೇಕೆಂದು ಫೋನ್ ಬಂದ ಮೇಲೆ ಗೊತ್ತಾಗುವ ಕೆಲಸ ಇದು. ಚಾರ್ಜ್ ಅರ್ಧ ಇದ್ದಾಗ ಆರುನೂರು ಕಿಲೋಮೀಟರಿನ ಕರೆ ಬಂದರೆ ಅದು ಬೇರೆಯವರಿಗೆ ಹೋಗುತ್ತದೆ. ಸದ್ಯಕ್ಕೆ ಭಾರದ ರೇಟಿಂಗ್ ನೋಡಿಕೊಂಡು ಪೆಟ್ರೋಲ್ ವ್ಯಾನಿಗೇ ಹೊಸ ಟೈರ್ ಹಾಕಿಸಿದ್ದೇನೆ.